ಒಳಗಿನ ಕಂಪ್ಯೂಟರಿಗೆ ನೆಟ್ ಇಲ್ಲ

ಸೋಂಪುರದ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಹನ್ನೊಂದು ವರ್ಷ ದುಡಿದ ತ್ರಿವೇಣಿಗೆ ಅಲ್ಲಿನ ಕಂಪ್ಯೂಟರ್ ವಿಭಾಗಕ್ಕೆ ಹೋಗುವ ಆಸೆ. ಅದಕ್ಕೆಂದೇ ನೆಲಮಂಗಲದ ಮನೆಯಲ್ಲಿ ಲ್ಯಾಪ್‌ಟಾಪಿನಲ್ಲಿ ವರ್ಚುವಲ್ ಮೆಷಿನ್, ಅಂದರೆ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್, ಹಾಕಿಕೊಂಡು ಕಲಿಯುತ್ತಿದ್ದಳು. ಸೋಮವಾರ ಮೇಲಧಿಕಾರಿಯ ಮುಂದೆ ಅದನ್ನು ನಡೆಸಿ ತೋರಿಸಬೇಕಿತ್ತು.

ಭಾನುವಾರ ಬೆಳಿಗ್ಗೆ ನೋಡಿದರೆ ಒಳಗಿನ ಮೆಷಿನ್‌ಗೆ ನೆಟ್ಟೇ ಇಲ್ಲ. ಲ್ಯಾಪ್‌ಟಾಪಿನಲ್ಲಿ ಮಾತ್ರ ವಿಡಿಯೊ ಕೂಡ ಸರಾಗವಾಗಿ ಓಡುತ್ತಿತ್ತು. ರೂಟರ್ ಆರಿಸಿ ಹಾಕಿದಳು. ಹೊರಗಿನ ಸಂಪರ್ಕ ತಡೆಯುವ ಫೈರ್‌ವಾಲ್ ಆರಿಸಿದಳು. ಕೊನೆಗೆ ಮೆಷಿನ್ನನ್ನೇ ಅಳಿಸಿ ಹೊಸದಾಗಿ ಹಾಕಿದಳು. ಎರಡು ಗಂಟೆ ಹೋಯಿತು, ನೆಟ್ ಬರಲಿಲ್ಲ. ಒಲೆಯ ಮೇಲಿಟ್ಟ ಪಲ್ಯ ಸೀದುಹೋಯಿತು. ನನ್ನ ತಲೆಗೆ ಇದೆಲ್ಲ ಹತ್ತುವುದಿಲ್ಲ ಎಂದು ಅಳುವೇ ಬಂತು.

ಮಧ್ಯಾಹ್ನ ಸೆಟ್ಟಿಂಗನ್ನು ಮತ್ತೊಮ್ಮೆ ಸಾಲುಸಾಲಾಗಿ ಓದಿದಾಗ, ಒಳಗಿನ ಮೆಷಿನ್ನನ್ನು ಹೊಸದಾಗಿ ಹಾಕುವಾಗಲೂ ತಾನು ಹಿಂದಿನಂತೆ ವೈಫೈಗಲ್ಲ, ಕೇಬಲ್ ಸಿಕ್ಕಿಸುವ ಪೋರ್ಟಿಗೇ ಜೋಡಿಸಿದ್ದು ಕಂಡಿತು. ಲ್ಯಾಪ್‌ಟಾಪಿನ ಪಕ್ಕ ಕೈಯಾಡಿಸಿದಳು. ಪೋರ್ಟು ಖಾಲಿ. ಲ್ಯಾಪ್‌ಟಾಪ್ ಸದ್ದಿಲ್ಲದೆ ವೈಫೈಗೆ ಬದಲಾಗಿತ್ತು.

“ರೀ, ಇಲ್ಲಿದ್ದ ಕೇಬಲ್ ಏನಾಯ್ತು?”

“ಮ್ಯಾಚು ನಿಂತು ನಿಂತು ಬರ್ತಿತ್ತು ಕಣೇ, ನಿನ್ನೆ ಟಿವಿಗೆ ಹಾಕ್ಕೊಂಡೆ. ನಿಂಗೆ ವೈಫೈ ಇದ್ಯಲ್ಲ,” ಎಂದ ಗಂಡ ಲೋಹಿತ್, ಟಿವಿಯಿಂದ ಕಣ್ಣು ತೆಗೆಯದೆ.

“ಒಂದು ಮಾತು ಹೇಳೋಕೇನಾಗಿತ್ತು ನಿಮ್ಗೆ? ಬೆಳಿಗ್ಗೆಯಿಂದ ಸಾಯ್ತಿದೀನಿ ನಾನು!”

ಅವಳು ಟಿವಿಯ ಹಿಂದೆ ಕೈಹಾಕಿ ಕೇಬಲ್ ಕಿತ್ತು ತಂದು ಸಿಕ್ಕಿಸಿದಳು. ಅರೆ ನಿಮಿಷದಲ್ಲಿ ನೆಟ್ ಬಂತು. ಕೊನೇ ಓವರ್ ಕಣೇ ಎಂದು ಲೋಹಿತ್ ಕೂಗುತ್ತಿದ್ದರೂ ತಿರುಗಿ ನೋಡಲಿಲ್ಲ. ಅಳಿಸಿದ ಮೆಷಿನ್ನಿನಲ್ಲಿ ತಿಂಗಳಿಂದ ಮಾಡಿದ್ದನ್ನೆಲ್ಲ ಈಗ ಮತ್ತೆ ಮೊದಲಿನಿಂದ ಮಾಡಬೇಕಿತ್ತು.