ಮೀಸೆ ದೊರೆ, ಉದ್ದನೆ ದೊರೆ

ಹಾಸನದ ಮಾರುಕಟ್ಟೆಯಲ್ಲಿ ಈಗ ಹಿತಕಿದ ಅವರೆಬೇಳೆಯನ್ನೇ ಪೊಟ್ಟಣ ಕಟ್ಟಿ ಮಾರುತ್ತಾರೆ. ಮೊನ್ನೆ ಆಸೆಪಟ್ಟು ಒಂದು ತಂದು ಬಿಚ್ಚಿದರೆ ಸೊಗಡೇ ಇಲ್ಲ. ಬೇಳೆ ತೊಳೆದು, ಬೆರಳ ಸಂದಿ ಮೂಸಿಕೊಂಡೆ. ಎಲ್ಲೋ ಒಂದಿಷ್ಟು ಉಳಿದಿತ್ತು. ನನಗೆ ಅಷ್ಟೇ ಸಾಕಾಯಿತು. ಹೊಳೆನರಸೀಪುರದ ನಮ್ಮ ಮನೆಯ ಪಡಸಾಲೆ, ನೆನೆಸಿದ ಕಾಳಿನ ತಪ್ಪಲೆ, ಅದರ ಸುತ್ತ ಕೂತ ಮೂವರು ಹೆಂಗಸರು, ಭಾನುವಾರದ ಸಂಜೆ ಅವರ ನಡುವೆ ನಡೆಯುತ್ತಿದ್ದ ಇಂಗ್ಲಿಷ್ ಸಿನಿಮಾದ ಹೀರೋಗಳ ಪಂಚಾಯ್ತಿ, ಎಲ್ಲ ಎದ್ದು ಬಂತು. ನಿಮ್ಮ ಮನೆಯಲ್ಲೂ ಇಂಥದ್ದೇನಾದರೂ ಇದ್ದಿರಬೇಕು. ಆಗ ಅದೊಂದು ದೊಡ್ಡ ವಿಷಯ ಅನ್ನಿಸಿರುವುದಿಲ್ಲ, ಈಗ ಅದೇ ಬೇಕು ಅನ್ನಿಸುತ್ತದೆ.

ಮೂವರೆಂದರೆ ಅಜ್ಜಿ, ನಮ್ಮವ್ವ, ಮತ್ತು ಅಪ್ಪನ ತಂಗಿ ಜಯತ್ತೆ. ಜಯತ್ತೆಗೆ ಇನ್ನೂ ಮದುವೆಯಾಗಿರಲಿಲ್ಲ, ಹಾಗಾಗಿ ಸಂಜೆಯ ಆಟಕ್ಕೆ ಹೋಗುವಂತಿರಲಿಲ್ಲ. ಭಾನುವಾರ ಬೆಳಗಿನ ಇಂಗ್ಲಿಷ್ ಸಿನಿಮಾಕ್ಕೆ ಮಾತ್ರ ಅವ್ವನ ಜೊತೆ ಹೋಗಬಹುದಿತ್ತು. "ಮಾತೇ ತಿಳೀದಿದ್ಮೇಲೆ ಕೆಡೋದೆಂಗೆ?" ಎಂಬುದು ಅಜ್ಜಿಯ ವಾದ. ಬರುತ್ತಿದ್ದುದು ಹಳೆಯ ಚಿತ್ರಗಳು, ಊರೂರು ಸುತ್ತಿ ಗೀರು ಬಿದ್ದ ರೀಲುಗಳು. ಜನಕ್ಕೆ ಕಥೆ ತಿಳಿಯಲೆಂದು ಟಾಕೀಸಿನವರು ಹೈಸ್ಕೂಲಿನ ಇಂಗ್ಲಿಷ್ ಮೇಷ್ಟರೊಬ್ಬರನ್ನು ಗೊತ್ತುಮಾಡಿದ್ದರು. ಕೊಣನೂರಿನವರು, ಹೊಸಬರು. ಹೆಂಗಸರ ಬೆಂಚಿನ ಪಕ್ಕದ ಗೋಡೆಗೆ ಒರಗಿ ನಿಂತು, ಪರದೆಯ ಮೇಲೆ ನಡೆಯುವುದನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದರು.

ಅವ್ವನ ಪಕ್ಷ ಮೀಸೆ ದೊರೆ. ಬಿಳಿಯರೆಲ್ಲ ಅಜ್ಜಿಗೆ ದೊರೆಗಳೇ, ಅದಕ್ಕೇ ಈ ಹೆಸರು. ತೆಳ್ಳಗಿನ ಮೀಸೆ, ಕಳ್ಳ ನಗು. ಕತ್ತಿ ಹಿಡಿದು, ದೀಪದ ಗೊಂಚಲಿಗೆ ಜೋತುಬಿದ್ದು, ಇತ್ತಲಿಂದ ಅತ್ತ ಹಾರಿಬಿಡುತ್ತಿದ್ದ. ಜಯತ್ತೆಯ ಪಕ್ಷ ಉದ್ದನೆ ದೊರೆ. ಟೋಪಿ ಹಾಕಿದ ಕುದುರೆ ಸವಾರ. ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕು, ಬಂದರೂ ಹತ್ತು ಮಾತಿಗೆ ಒಂದು ಮಾತು. ನನಗೆ ಇಬ್ಬರೂ ಬೇಕಿರಲಿಲ್ಲ, ಕುದುರೆ ಸಾಕಿತ್ತು. ಅಜ್ಜ ಹೋದ ಮೇಲೆ ಅಜ್ಜಿ ಟಾಕೀಸಿನ ಕಡೆ ತಲೆ ಹಾಕಿರಲಿಲ್ಲ. ಇಬ್ಬರನ್ನೂ ಕಣ್ಣಾರೆ ಕಾಣದ ಅವಳೇ ಈ ಮೊಕದ್ದಮೆಗೆ ನ್ಯಾಯಾಧೀಶೆ. ಅವಳ ಪ್ರಶ್ನೆಗಳೇ ಬೇರೆ. "ಅವ್ನಿಗೆ ತಾಯಿ ಅವ್ಳಾ? ಒಂದ್ ದಿನಾನಾದ್ರೂ ಅವ್ಳ ಕಾಲು ಮುಟ್ಟಿದ್ನಾ?" ಒಂದು ದಿನ ಕೇಳಿದಳು, "ಕುದ್ರೆ ಇಳಿದ್ ಮ್ಯಾಲೆ ಮೊದ್ಲು ನೀರು ಕುಡಿಯೋದ್ಯಾರು, ಅವ್ನಾ, ಕುದ್ರೆಯಾ?" ಮೀಸೆ ದೊರೆ ಇಳಿದವನೇ ಹುಡುಗಿಯ ಹತ್ತಿರ ಓಡುತ್ತಿದ್ದ, ಉದ್ದನೆ ದೊರೆ ಕುದುರೆ ಕುಡಿದು ಮುಗಿಸುವವರೆಗೂ ತೊಟ್ಟಿಯ ಬಳಿ ಕಾಯುತ್ತಿದ್ದ. ಅವತ್ತು ಜಯತ್ತೆ ಗೆದ್ದಳು. "ಆದ್ರೂ ಅರಳೆಣ್ಣೆ ಕುಡ್ದವ್ನಂಗೆ ಇರ್ತಾನಲ್ಲೇ ನಿನ್ ದೊರೆ" ಎಂದು ಅವ್ವ ಕೆಣಕಿದರೆ, ಜಯತ್ತೆ ಬೇಕೆಂದೇ ಕಾಳು ಅವ್ವನ ಮುಖಕ್ಕೆ ಸಿಡಿಯುವಂತೆ ಹಿತಕುತ್ತಿದ್ದಳು. ಎಷ್ಟು ನಗುತ್ತಿದ್ದರು ಅವರು! ಅಷ್ಟು ನಗುವ ಹೆಂಗಸರ ನಡುವೆ ಬೆಳೆದೆನೆಂಬುದೇ ನನ್ನ ಭಾಗ್ಯ.

ಆ ವರ್ಷ ಸಂಕ್ರಾಂತಿ ಹತ್ತಿರ ಬಂದಾಗ ಜಯತ್ತೆಗೆ ಚನ್ನರಾಯಪಟ್ಟಣದ ಕಡೆಯ ಗಂಡು ಗೊತ್ತಾಯಿತು. ತೆಂಗಿನ ತೋಟದ ಮನೆತನ. ಅಪ್ಪ ಮಾತಾಡಿ, ಹೆಣ್ಣು ನೋಡುವ ದಿನವನ್ನೂ ಇಟ್ಟು ಬಂದಿದ್ದ. ಜಯತ್ತೆಯನ್ನು ಯಾರೂ ಕೇಳಲಿಲ್ಲ. ಅವಳು ಬೇಡ ಅನ್ನಲೂ ಇಲ್ಲ, ಸುಮ್ಮನಾಗಿಬಿಟ್ಟಳು. ಆ ಭಾನುವಾರ ಸಂಜೆ ಅವಳ ಬಾಯಿ ಬಿಡಿಸಲೆಂದೇ ಅವ್ವ, "ಇವತ್ತು ಎಲ್ರ ಮುಂದೆ ತಲೆ ತಗ್ಗಿಸಿ ನಿಂತಿದ್ನಲ್ಲೇ ನಿನ್ ದೊರೆ, ಎದ್ರುಪುಕ್ಲ" ಎಂದಳು. ಜಯತ್ತೆ ಧಗ್ ಎಂದು ಹೊತ್ತಿಕೊಂಡಳು.

"ಎದ್ರಿಕೆ ಅಲ್ಲ ಅತ್ಗೆ, ಅದು ಮರ್ಯಾದೆ. ಎಣ್ಮಕ್ಳನ್ನ ಅವ್ರು ದಿಟ್ಟಿಸಿ ನೋಡೋದೇ ಇಲ್ಲ. ಮಾತಾಡೋಕ್ ಮುಂಚೆ ಕನ್ನಡಕ ತೆಗ್ದು, ಪಂಚೆ ಚುಂಗಲ್ಲಿ ಒರೆಸ್ಕೊಂಡು, ಆಮ್ಯಾಕೆ..."

ಕೈಗಳೆಲ್ಲ ನಿಂತವು. ಅಜ್ಜಿ ಅವ್ವನ ಕಡೆ ತಿರುಗಿದಳು.

"ದೊರೆ ಪಂಚೆ ಉಡ್ತಾನೇನೇ?"

"ಇಲ್ಲ ಅತ್ತೆಮ್ಮ."

"ಕನ್ನಡಕ?"

"ಅದೂ ಇಲ್ಲ."

ಆ ಟಾಕೀಸಿನಲ್ಲಿ ಪಂಚೆ ಉಟ್ಟು, ಕನ್ನಡಕ ಒರೆಸಿಕೊಂಡು ಮಾತಾಡುತ್ತಿದ್ದವರು ಗೋಡೆಗೆ ಒರಗಿದ ಮೇಷ್ಟರೊಬ್ಬರೇ. ಅದು ನನಗೂ ಗೊತ್ತಿತ್ತು. ಜಯತ್ತೆ ಮಡಿಲಿನ ಸಿಪ್ಪೆಯನ್ನೆಲ್ಲ ಚೆಲ್ಲಿಕೊಂಡು ಹಿತ್ತಲಿಗೆ ಓಡಿದಳು. ಅಜ್ಜಿ ಉಳಿದ ಕಾಳನ್ನು ಹಿತಕಿ ಮುಗಿಸಿ, ಗಂಡಿನ ಕಡೆಯವರು ಹಬ್ಬ ಕಳೆದು ಬರಲಿ ಎಂದು ಅಪ್ಪನಿಗೆ ಹೇಳಿದಳು. ಮುಂದಿನ ಭಾನುವಾರ ಬೆಳಿಗ್ಗೆ ಮಡಿಸಿಟ್ಟ ಸೀರೆ ತೆಗೆದು ಉಟ್ಟು, ನಮ್ಮ ಜೊತೆ ಟಾಕೀಸಿಗೆ ಹೊರಟೇಬಿಟ್ಟಳು. ಜಯತ್ತೆ ಮಾತ್ರ ತಲೆನೋವೆಂದು ಮನೆಯಲ್ಲೇ ಉಳಿದಳು.

ಅಜ್ಜಿ ಪರದೆ ನೋಡಲಿಲ್ಲ. ಬೆಂಚಿನ ಮೇಲೆ ಅಡ್ಡಡ್ಡ ಕೂತು, ಮೇಷ್ಟರನ್ನೇ ನೋಡಿದಳು. ಪಾಪ, ಅವರು ಅವತ್ತು ಎರಡು ಸಲ ಕಥೆ ತಪ್ಪಿದರು. ಮನೆಗೆ ಬಂದಾಗ, ಅವ್ವನಿಂದ ವಿಷಯ ತಿಳಿದಿದ್ದ ಅಪ್ಪ ಸಿಡುಕುತ್ತಾ ಬಾಗಿಲಲ್ಲೇ ನಿಂತಿದ್ದ.

"ಅಂತಾ ತ್ವಾಟದ ಮನೆ ಬಿಟ್ಟು, ಕತೆ ಹೇಳೋನಿಗೆ ಕೊಡ್ತೀಯೇನವ್ವ?"

"ಅಷ್ಟೊತ್ತು ಗಂಟ್ಲು ಅರ್ಕೊಂಡವ್ನೆ. ಇಂಟ್ರುವಲ್‌ನಾಗೆ ನೀರು ತಂದ್ಕೊಟ್ರೆ, ಬಾಗ್ಲು ಕಾಯೋ ಮುದ್ಕಂಗೆ ಮೊದ್ಲು ಕುಡ್ಸಿ, ಆಮ್ಯಾಕೆ ತಾನು ಕುಡ್ದ ಕಣ್ಲಾ. ಇನ್ನೇನ್ ಬೇಕು ನಿಂಗೆ?"

ಅಪ್ಪನಿಗೆ ಇದರ ತಲೆಬುಡ ತಿಳಿಯಲಿಲ್ಲ. ಒಳಗೆ ಬಾಗಿಲ ಮರೆಯಲ್ಲಿದ್ದ ಜಯತ್ತೆಗೆ ತಿಳಿಯಿತು, ಅವಳು ಅಲ್ಲೇ ಕೂತು ಅತ್ತುಬಿಟ್ಟಳು. ಮೇಷ್ಟರಿಗೆ ಕೇಳಿ ಕಳಿಸಿದಾಗ ಅವರು ಕನ್ನಡಕ ತೆಗೆದು, ಒರೆಸಿಕೊಂಡು, "ಆಗ್ಲಿ" ಎಂದರಂತೆ.

ಅಜ್ಜಿ ಹೋಗಿ ಬಹಳ ಕಾಲವಾಯಿತು, ಅವ್ವನೂ ಇಲ್ಲ. ಟಾಕೀಸಿದ್ದ ಜಾಗದಲ್ಲಿ ಅಂಗಡಿಗಳ ಸಾಲಿದೆ. ಮೇಷ್ಟರು ಮಾವ ಹೋಗಿ ಎರಡು ವರ್ಷ. ಜಯತ್ತೆ ಕೊಣನೂರಿನಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಗದ್ದಲದಲ್ಲಿ ನೆಮ್ಮದಿಯಾಗಿದ್ದಾಳೆ. ಆ ಪೊಟ್ಟಣವನ್ನು ಹಾಗೇ ಬಿಟ್ಟು ಅಲ್ಲಿಗೆ ಬಸ್ಸು ಹತ್ತಿದೆ. ಸಂತೆಯ ಅವರೆಕಾಯಿ ಸುಲಿದು ನೆನೆಸಿಟ್ಟಿದ್ದಳು, ಮನೆ ತುಂಬ ಸೊಗಡು. ಇಬ್ಬರೂ ಹಿತಕುತ್ತಾ ಕೂತೆವು. ನಡುವೆ ನಾನು ಕೈ ಒರೆಸಿಕೊಂಡು ಫೋನಿನಲ್ಲಿ ಹುಡುಕಿ, ಒಂದು ಹಳೆಯ ಚಿತ್ರ ಹಾಕಿ ಅವಳ ಮುಂದೆ ಹಿಡಿದೆ. ಕುದುರೆ ತೊಟ್ಟಿಯಲ್ಲಿ ನೀರು ಕುಡಿಯುತ್ತಿತ್ತು, ಪಕ್ಕದಲ್ಲಿ ಅವನು ಟೋಪಿ ತೆಗೆದು ಕಾಯುತ್ತಿದ್ದ. ಜಯತ್ತೆ ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಯಾರೇ ಇವ್ನು?"

"ನಿನ್ನ ಉದ್ದನೆ ದೊರೆ ಕಣತ್ತೆ. ಇವ್ನಿಗೋಸ್ಕರ ಅವ್ವನ್ ಜೊತೆ ಎಷ್ಟ್ ಜಗಳ ಆಡ್ದೆ ನೀನು!"

ಅವಳು ಇನ್ನೊಮ್ಮೆ ನೋಡಿ, ನಕ್ಕು, ಫೋನನ್ನು ನನ್ನ ಕೈಗಿಟ್ಟಳು.

"ಚೆನ್ನಾಗೇ ಅವ್ನೆ. ಅಷ್ಟ್ ವಾರ ಎದುರ್ಗೇ ಇದ್ರೂ ಇವ್ನ ಮಕ ನಾನು ನೋಡೇ ಇಲ್ಲ ಕಣೆ."

ಆಮೇಲೆ ಕನ್ನಡಕ ತೆಗೆದು, ಸೆರಗಿನ ಚುಂಗಿನಲ್ಲಿ ನಿಧಾನವಾಗಿ ಒರೆಸಿಕೊಳ್ಳತೊಡಗಿದಳು.