ಎರಡು ಹೊಲಿಗೆಯ ಶಂಖ

ಆ ತುದಿ ಅದರದ್ದೇ ಹೌದಾ? ಹಲ್ಲುಜ್ಜುತ್ತ ಸೂಜಿಯಕ್ಕ ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಬಸ್ಸಿನ ಕಿಟಕಿ ಪಕ್ಕ ಕೂತು ಇನ್ನೊಮ್ಮೆ ಕೇಳಿಕೊಳ್ಳುತ್ತಾರೆ. ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಆ ಪ್ರಶ್ನೆ ಒಂಬತ್ತು ದಿನದಿಂದ ಅಲ್ಲೇ ಇದೆ.

ಬೆಳಗಿನ ಆರೂವರೆಗೆ ಸಂಗ್ರಹಾಲಯದ ಹಿಂಬಾಗಿಲು ತೆರೆಯುವುದು ಅವರೊಬ್ಬರಿಗೇ.

"ಬಂದ್ರಾ ಅಕ್ಕ? ನಿಮ್ಮ ಹುಳುಗಳನ್ನ ಎಣಿಸಿಟ್ಟಿದ್ದೀನಿ. ಒಂದೂ ಓಡಿಹೋಗಿಲ್ಲ," ಅನ್ನುತ್ತಾನೆ ಕಾವಲುಗಾರ. ಹದಿನೈದು ವರ್ಷದಿಂದ ಅದೇ ತಮಾಷೆ.

"ಹೊರಟಿದ್ರೂ ಇನ್ನೂ ಬಾಗಿಲಿಗೆ ಬಂದಿರಲ್ಲ ಬಿಡು. ಬಸವನಹುಳು ಅಲ್ವಾ?" ಇವರ ಉತ್ತರವೂ ಅದೇ.

ನೆಲಮಾಳಿಗೆಯ ಕೋಣೆಗೆ ಇರುವುದು ಒಂದೇ ಕಿಟಕಿ, ಅದರಾಚೆ ಹೋಗುವವರ ಪಾದಗಳು ಮಾತ್ರ ಕಾಣುತ್ತವೆ. ಮೇಜಿನ ಮೇಲೆ ಮರಳು ತುಂಬಿದ ತಟ್ಟೆ, ಬಗ್ಗುವ ಕತ್ತಿನ ದೀಪ, ಭೂತಗನ್ನಡಿ, ಹಳೆಯ ಹಲ್ಲುಜ್ಜುವ ಬ್ರಷ್ಷು, ಮರದ ಹಿಡಿಗೆ ಸಿಕ್ಕಿಸಿದ ಏಳು ಸೂಜಿ. ಮರಳಿನ ಮೇಲೆ ಮಲಗಿರುವುದು ಕಡಲ ಶಂಖ. ಎಂದೋ ಬದುಕಿತ್ತು, ಈಗ ಕಲ್ಲಾಗಿದೆ. ಅದರ ಮೈಗಂಟಿದ ಬಂಡೆಯನ್ನು ಸೂಜಿಯಕ್ಕ ಸೂಜಿಮೊನೆಯಲ್ಲಿ ಸಾಸಿವೆಯಷ್ಟು ಸಾಸಿವೆಯಷ್ಟೇ ಕೆದಕಿ ತೆಗೆಯುತ್ತಾರೆ. ಉಸಿರು ಬಿಗಿಹಿಡಿದು ನಾಲ್ಕು ಸಲ ಕೆದಕಿ, ಉಸಿರು ಬಿಟ್ಟು ಧೂಳು ಊದುತ್ತಾರೆ. ಒಂದು ಸಣ್ಣ ಶಂಖಕ್ಕೆ ಮೂರು ದಿನ ಬೇಕು, ಹಟಮಾರಿಯಾದರೆ ತಿಂಗಳೇ ಹಿಡಿಯುತ್ತದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಅವರ ಕೈಯಲ್ಲಿ ಮೈ ತೊಳೆದುಕೊಂಡವು ಎರಡು ಸಾವಿರದ ಮೇಲಿವೆ.

"ಬಾಣಂತಿ ಮನೆ ಕೂಸಿನ ಹಾಗೆ," ಅನ್ನುತ್ತಾರೆ ಸೂಜಿಯಕ್ಕ. "ಇವು ಅಳಲ್ಲ, ಅಷ್ಟೇ."

ಅವರು ಇಲ್ಲಿಗೆ ಬಂದದ್ದು ಕಸ ಗುಡಿಸಲು. ಅದಕ್ಕೂ ಮುಂಚೆ ದರ್ಜಿ ಗಂಡನ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದರು. ಗುಡಿಸುವಾಗ ಸಿಕ್ಕ ಕಲ್ಲೊಂದನ್ನು ಊಟದ ಬಿಡುವಿನಲ್ಲಿ ಸೆರಗಿನ ಪಿನ್ನಿನಿಂದ ಕೆದಕುತ್ತ ಕೂತಿದ್ದನ್ನು ಹಳೆಯ ಅಧಿಕಾರಿ ನೋಡಿ, ಮಾರನೆಯ ದಿನವೇ ಪೊರಕೆ ಬಿಡಿಸಿ ಸೂಜಿ ಹಿಡಿಸಿದರು. ಹಾಜರಿ ಪುಸ್ತಕದಲ್ಲಿ ಮಾತ್ರ ಮುಂದಿನ ಹನ್ನೊಂದು ವರ್ಷವೂ ಅವರು 'ಗುಡಿಸುವವರು'. ಕುತ್ತಿಗೆ ಎಡಕ್ಕೆ ತಿರುಗುವುದಿಲ್ಲ, ಧೂಳಿನ ಕೆಮ್ಮು ಮೈಗಂಟಿದೆ. ಮೇಲಿನ ಗಾಜಿನ ಪೆಟ್ಟಿಗೆಗಳ ಚೀಟಿಗಳಲ್ಲಿ ಶಂಖದ ಹೆಸರು, ಹುಡುಕಿದವರ ಹೆಸರು, ಹೆಸರಿಟ್ಟವರ ಹೆಸರು ಇವೆ. ಬಂಡೆಯಿಂದ ಬಿಡಿಸಿದವರ ಹೆಸರು ಯಾವ ಚೀಟಿಯಲ್ಲೂ ಇಲ್ಲ.

ಈಗ ಆ ಹೆಸರೂ ಬರುವ ಕಾಲ ಬಂದಿದೆ. ಒಂಬತ್ತು ದಿನದ ಹಿಂದೆ ಸಂಶೋಧಕಿ ಮೇಡಂ ಹಳೆಯ ಡ್ರಾಯರಿನಿಂದ ಹೆಬ್ಬೆರಳುದ್ದದ ಶಂಖವೊಂದನ್ನು ಹಿಡಿದು ಓಡಿಬಂದರು. ಕೆಳಗಿನ ಸುತ್ತುಗಳಲ್ಲಿ ಉಬ್ಬುಗೆರೆಯಂಥ ಹನ್ನೆರಡು ಏಣು, ತುದಿಯ ಸುತ್ತುಗಳಲ್ಲಿ ಹದಿನೆಂಟು. ಇಂಥದ್ದು ಯಾವ ಪುಸ್ತಕದಲ್ಲೂ ಇಲ್ಲ. ಹೊಸ ಜಾತಿ.

"ಇದಕ್ಕೆ ನಿಮ್ಮ ಹೆಸರೇ ಇಡ್ತೀನಿ ಅಕ್ಕ. ಒಂದು ಸಲ ಇಟ್ಟರೆ ಯಾರೂ ಅಳಿಸೋಕಾಗಲ್ಲ."

ಗಂಡ ಅಂಗಡಿಗೆ ಬಂದವರಿಗೆಲ್ಲ ಸುದ್ದಿ ಹಂಚಿಯಾಗಿದೆ. "ನನ್ನ ತಲೆಗೆ ಹುಳ ಬಿಟ್ಟಿದ್ದು ಸಾಲ್ದು ಅಂತ ಈಗ ಪುಸ್ತಕಕ್ಕೂ ಬಿಡ್ತಿದ್ದಾಳೆ," ಅಂತ ನಗುತ್ತಾರೆ. ಹೆಂಡತಿ ನಗುತ್ತಿಲ್ಲವೆಂದು ಅವರಿಗೆ ಕಂಡಿದೆ. "ಏನೇ, ಬೇರೆ ಬಟ್ಟೆ ತೇಪೆ ಹಾಕಿದ ಅಂಗಿ ಹಾಗಿದೆಯಲ್ಲ ನಿನ್ನ ಮುಖ?"

ಆ ಮಾತು ನೇರ ಎದೆಗೇ ತಗುಲಿತು. ಏಕೆಂದರೆ ಶಂಖದ ಚೀಟಿಯ ಮೂಲೆಯಲ್ಲಿ ಪೆನ್ಸಿಲಿನ ಎರಡು ಪುಟ್ಟ ಗೀಟುಗಳಿವೆ. ಅದು ಸೂಜಿಯಕ್ಕನ ಸ್ವಂತ ಲೆಕ್ಕ. ಮುರಿದದ್ದನ್ನು ಜೋಡಿಸಿದರೆ ಚೀಟಿಗೆ ಒಂದು ಗೀಟು, ಅವರ ಮಾತಿನಲ್ಲಿ ಒಂದು ಹೊಲಿಗೆ. ಜೋಡಿಸಿದ್ದರ ಮೇಲೆ ಅನುಮಾನವಿದ್ದರೆ ಎರಡು. ಸೂಜಿ ಹಿಡಿದ ಹೊಸತರಲ್ಲಿ ಒಮ್ಮೆ ತಟ್ಟೆ ಕೈಜಾರಿ ಹನ್ನೆರಡು ಶಂಖಗಳ ತುದಿ ಮುರಿದಿದ್ದವು. ಹನ್ನೊಂದಕ್ಕೆ ಅದರದರ ತುದಿ ಸಿಕ್ಕಿತು. ಹನ್ನೆರಡನೆಯದಾದ ಇದಕ್ಕೆ ಮೇಜಿನಡಿ ಬಿದ್ದಿದ್ದ ತುಂಡನ್ನು ಅಂಟಿಸಿದರು. ಬೈಸಿಕೊಳ್ಳುವ ಭಯಕ್ಕೆ ಯಾರಿಗೂ ಹೇಳಲಿಲ್ಲ. ಅಂಟು ಕಾಣದ ಹಾಗೆ ಅಂಟಿಸುವುದೇ ಅವರ ಹೆಚ್ಚುಗಾರಿಕೆ, ಮೇಡಮ್ಮಿನ ಕಣ್ಣಿಗೂ ಅದು ಕಾಣಲಿಲ್ಲ.

ಇವತ್ತು ಅವರು ಆ ಶಂಖವನ್ನೇ ಮರಳ ಮೇಲೆ ಮಲಗಿಸುತ್ತಾರೆ. ದೀಪದ ಕತ್ತು ಬಗ್ಗಿಸಿ ಬೆಳಕನ್ನು ಓರೆಯಾಗಿ ಬೀಳಿಸುತ್ತಾರೆ. ಮೇಲಿಂದ ಇಳಿದ ಏಣುಗಳು ಕೆಳಗಿನ ಏಣುಗಳನ್ನು ಮುಟ್ಟದೆ ಸಂದಿಯಲ್ಲಿ ನಿಂತಿವೆ. ಪಟ್ಟೆ ಬಟ್ಟೆಯನ್ನು ಪಟ್ಟೆಗೆ ಪಟ್ಟೆ ಕೂಡಿಸದೆ ಹೊಲಿದರೆ ಹೀಗೇ ಕಾಣುತ್ತದೆ. ದರ್ಜಿಯ ಹೆಂಡತಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಒಂಬತ್ತಕ್ಕೆ ಮೇಡಂ ಬರುತ್ತಾರೆ. ಲೇಖನ ಇವತ್ತೇ ಹೋಗಬೇಕು. ಕೈಯಲ್ಲಿ ಅದೇ ಚೀಟಿ.

"ಇದೊಂದು ಹೇಳಿಬಿಡಿ ಅಕ್ಕ. ಈ ಎರಡು ಗೀಟು ಅಂದ್ರೆ ಎರಡು ಸಲ ನೋಡಿ ಸರಿ ಅಂದಿದ್ದೀರ ಅಂತ ತಾನೇ?"

ಹೂಂ ಅಂದರೆ ಮುಗಿಯಿತು. ಹೆಸರು ಅಚ್ಚಾಗುತ್ತದೆ, ಗಂಡ ಅದನ್ನು ಅಂಗಡಿಯಲ್ಲಿ ಕಟ್ಟು ಹಾಕಿಸಿ ಇಡುತ್ತಾರೆ. ಕಿಟಕಿಯಾಚೆ ಯಾರದೋ ಪಾದಗಳು ಹಾದುಹೋಗುತ್ತವೆ. ಸೂಜಿಯಕ್ಕ ಸೂಜಿಯನ್ನು ಮರಳಿಗೆ ಚುಚ್ಚಿ, ಕೈ ಒರೆಸಿಕೊಂಡು, ಶಂಖವನ್ನು ಮೇಡಮ್ಮಿನ ಅಂಗೈಯಲ್ಲಿ ಇಡುತ್ತಾರೆ.

"ಅಲ್ಲಮ್ಮ. ಆ ತುದಿ ಇದರದ್ದಲ್ಲ. ನಾನು ಅಂಟಿಸಿದ್ದು."