ಕಾಗಿಣಾ ನೀರಿನ ಕೆಳಗಿನ ಹೊಲ

ಈ ಊರಿಗೆ ಬಂದ ಮೊದಲ ಬೆಳಗ್ಗೆ ನಾನು ಕಂಡದ್ದು, ಒಬ್ಬ ಹೆಂಗಸು ಹೊಳೆಯೊಂದಿಗೆ ಮಾತಾಡುತ್ತಿದ್ದುದನ್ನು. ದಂಡೆಯಲ್ಲಿ ನಿಂತ ಆಕೆ ಸೆರಗನ್ನು ತಲೆಯ ಮೇಲೆಳೆದುಕೊಂಡು, ನೀರಿಗೆ ಒಂದು ಚಿಟಿಕೆ ವಿಭೂತಿ ಹಾಕಿ, ಒಳಕೋಣೆಯಲ್ಲಿ ಮಲಗಿದವರನ್ನು ಕೇಳುವ ಹಾಗೆ ಕೇಳಿದಳು: “ಏನ್ರಿ, ಎದ್ದೀರೇನು? ತೊಗರಿ ರಾಶಿ ಆಯ್ತ್ರಿ. ಮೊಮ್ಮಗಳಿಗಿ ಜ್ವರ ಬಿಟ್ಟಾವ. ನೀವೇನ್ ಕಾಳಜಿ ಮಾಡಬ್ಯಾಡ್ರಿ.”

ಹೊಳೆಯ ಕಡೆಯಿಂದ ಉತ್ತರವೇನೂ ಬರಲಿಲ್ಲ. ಆಕೆ ಮಾತ್ರ ಬಂದಂತೆ ತಲೆಯಾಡಿಸಿ ಹೊರಟುಹೋದಳು. ಪೂರ್ ಥಿಂಗ್, ತಲೆ ಸರಿಯಿಲ್ಲ ಎಂದುಕೊಂಡು ನಾನು ಕಿಟಕಿ ಮುಚ್ಚಿದೆ.

ನಾನು ಮೈಸೂರಿನವಳು. ಕಾನ್ವೆಂಟಿನಲ್ಲಿ ಓದಿ, ಅದೇ ಕಾನ್ವೆಂಟಿನಲ್ಲಿ ಇಂಗ್ಲಿಷ್ ಪಾಠ ಹೇಳಿ ರಿಟೈರ್ ಆದವಳು. ಗಂಡ ರಂಗನಾಥ್ ತೀರಿಕೊಂಡ ಮೇಲೆ ಮಗಳು ಶೀಲಾ ನನ್ನನ್ನು ಇಲ್ಲಿಗೆ ಕರೆತಂದಳು. ಚಿತ್ತಾಪುರ ಮತ್ತು ಶಹಾಬಾದದ ನಡುವೆ ಕಾಗಿಣಾ ಹೊಳೆಗೆ ಅಡ್ಡವಾಗಿ ಒಂದು ಸಣ್ಣ ಅಣೆಕಟ್ಟಿದೆ. ಅದರ ಪಕ್ಕದ ಪುಟ್ಟ ಪವರ್‌ಹೌಸು ಅವಳ ಸುಪರ್ದಿಯಲ್ಲಿದೆ. ಜನ ಅದನ್ನು ಕರೆಂಟ್ ಡ್ಯಾಮ್ ಅನ್ನುತ್ತಾರೆ. ಮೈಸೂರಿನವರಿಗೆ ಡ್ಯಾಮ್ ಎಂದರೆ ಬೃಂದಾವನ, ಕಾರಂಜಿ, ಭಾನುವಾರದ ಚುರುಮುರಿ. ಇಲ್ಲಿನದು ಬರೀ ಕಬ್ಬಿಣದ ಗೇಟುಗಳ ಒಂದು ಗೋಡೆ. ಅದರ ಹಿಂದೆ ನಿಂತ ನೀರು, ಸದ್ದಿಲ್ಲದ್ದು.

ವಾಡಿ ಸ್ಟೇಷನ್ನಿನಲ್ಲಿ ಇಳಿದಾಗಲೇ ಬಿಸಿಲು ಕಪಾಳಕ್ಕೆ ಹೊಡೆದಿತ್ತು. ಕ್ವಾರ್ಟರ್ಸಿನ ನೆಲ ಕಲ್ಲು, ಅಡುಗೆಕಟ್ಟೆ ಕಲ್ಲು, ಕಾಂಪೌಂಡು ಕಲ್ಲು. ಫರ್ಸಿ ಎನ್ನುತ್ತಾರೆ, ಶಹಾಬಾದದ ಬೂದು ಚಪ್ಪಡಿ. ನಮ್ಮ ಮನೆಯ ರೆಡ್ ಆಕ್ಸೈಡ್ ನೆಲದಲ್ಲಿ ಬೇಸಿಗೆಯಲ್ಲೂ ಅಂಗಾತ ಮಲಗಬಹುದಿತ್ತು. ಇಲ್ಲಿ ಮಧ್ಯಾಹ್ನ ಬರಿಗಾಲಲ್ಲಿ ಅಂಗಳ ದಾಟುವುದೂ ಕಷ್ಟ. ಭಾಷೆಯೋ, ನನ್ನದೇ ಕನ್ನಡ, ಆದರೂ ಅರ್ಧ ಕೈಗೆ ಸಿಗದು. ಶೀಲಾ ಡ್ಯೂಟಿಗೆ ಹೋದರೆ ಫ್ಯಾನಿನ ಸದ್ದು ಬಿಟ್ಟು ನನಗೆ ಸಂಗಾತಿಯಿರಲಿಲ್ಲ. ಐ ವಾಸ್ ವೆರಿ ಲೋನ್ಲಿ. ಕನ್ನಡದಲ್ಲಿ ಹೇಳಿಕೊಳ್ಳಲು ಸಂಕೋಚ.

ಮೊದಲು ಬಾಗಿಲು ತಟ್ಟಿದವಳು ಹೊಳೆಯೊಂದಿಗೆ ಮಾತಾಡುವ ಅದೇ ಹೆಂಗಸು, ನೀಲಮ್ಮ. ಕೈಯಲ್ಲಿ ರೊಟ್ಟಿ, ಪುಂಡಿಪಲ್ಯ. ನಾನು ಟೀಚರೆಂದು ತಿಳಿದದ್ದೇ “ಅಕ್ಕೋರ” ಎಂದಳು. ಇಲ್ಲಿ ಶಾಲೆಯ ಮೇಡಂ ಎಂದರೆ ಅಕ್ಕೋರು. ನಲವತ್ತು ವರ್ಷ ಮಿಸ್ ಆಗಿದ್ದವಳು ಒಂದೇ ದಿನದಲ್ಲಿ ಅಕ್ಕನಾದೆ. ರೊಟ್ಟಿ ಬಡಿಯುವುದನ್ನು ಅವಳೇ ಕಲಿಸಿದಳು. ನನ್ನ ಮೊದಲ ರೊಟ್ಟಿ ನೋಡಿ, “ಇದೇನ್ರಿ ಅಕ್ಕೋರ, ಶ್ರೀಲಂಕಾ ನಕಾಶಾ ಬಡದೀರಲ್ಲ!” ಎಂದು ಬಿದ್ದು ಬಿದ್ದು ನಕ್ಕಳು. ದುಂಡಗಿನ ರೊಟ್ಟಿ ಹಂಚಿನ ಮೇಲೆ ಉಬ್ಬಿದ ದಿನ ನಾನು ಮೈಸೂರಿನ ತಂಗಿ ವಿಮಲಳಿಗೆ ಫೋಟೊ ಕಳಿಸಿದೆ.

ಆ ಸಲುಗೆಯಲ್ಲೇ ಒಂದು ದಿನ ಹೊಳೆಯ ಮಾತು ಕೇಳಿದೆ.

“ನಮ್ಮ ಮನಿಯವರು ಅಲ್ಲೇ ಅದಾರ್ರಿ,” ಎಂದಳು, ನೆರೆಮನೆಯನ್ನು ತೋರಿಸುವ ಹಾಗೆ. ಅವರ ಪದ್ಧತಿಯಂತೆ ಗಂಡನನ್ನು ಕುಳಿತ ಭಂಗಿಯಲ್ಲಿ, ಅವರದೇ ಹೊಲದಲ್ಲಿ ಮಣ್ಣು ಮಾಡಿ, ಮೇಲೊಂದು ಫರ್ಸಿ ಹಾಸಿದ್ದರಂತೆ. ಆಮೇಲೆ ಅಣೆಕಟ್ಟು ಬಂತು, ಹೊಳೆಬದಿಯ ಹೊಲ ನೀರಿನ ಕೆಳಗೆ ಹೋಯಿತು. ಬೇರೆ ಕಡೆ ಒಯ್ಯಬಹುದಿತ್ತಲ್ಲ ಎಂದೆ. “ಕುಂದ್ರಿಸಿದವರನ್ನ ಎಬ್ಬಿಸಬಾರದ್ರಿ ಅಕ್ಕೋರ.”

ನಮ್ಮಲ್ಲಿ ಸುಡುತ್ತೇವೆ. ರಂಗನನ್ನು ಒಂದು ಮಡಕೆಯಲ್ಲಿ ಶ್ರೀರಂಗಪಟ್ಟಣಕ್ಕೆ ಒಯ್ದು, ಪಶ್ಚಿಮವಾಹಿನಿಯಲ್ಲಿ ಬಿಟ್ಟು, ಹಿಂದಿರುಗಿ ನೋಡದೆ ಬಂದೆವು. ಹಿಂದಿರುಗಿ ನೋಡಬಾರದೆಂದೇ ಶಾಸ್ತ್ರ. ಇಲ್ಲಿ ನೀಲಮ್ಮ ಪ್ರತಿದಿನ ನೋಡುತ್ತಿದ್ದಳು, ಒಂದೇ ದಿಕ್ಕಿಗೆ, ಒಂದೇ ಜಾಗಕ್ಕೆ.

ಬೇಸಿಗೆಯ ಆರಂಭದಲ್ಲಿ ಶೀಲಾ ಊಟಕ್ಕೆ ಕೂತಾಗ ಹೇಳಿದಳು. “ಮಮ್ಮಿ, ಗೇಟಿನ ರಬ್ಬರ್ ಸೀಲ್ ಹೋಗಿದೆ. ನೀರಿಳಿಸಿ ರಿಪೇರಿ ಮಾಡ್ತೀವಿ. ಒಂದೇ ದಿನ.”

ನೀಲಮ್ಮನ ಹೊಲ ಕಾಣುತ್ತದೆಯೇ ಎಂದು ಕೇಳಿದೆ. “ಕಾಣುತ್ತೆ. ಆದ್ರೆ ಯಾರನ್ನೂ ಒಳಗೆ ಬಿಡಲ್ಲ. ಬರೀ ಸ್ಲಷ್. ಕಾಲು ಹೂತ್ರೆ ಯಾರು ಜವಾಬ್ದಾರಿ?”

ನಾನು ಪ್ಲೀಸ್ ಎಂದೆ. ಚಿಕ್ಕಂದಿನಲ್ಲಿ ಅವಳು ನನ್ನನ್ನು ಕಾಡುತ್ತಿದ್ದ ರೀತಿಯಲ್ಲೇ ಕಾಡಿದೆ. ಮರುದಿನ ನೀಲಮ್ಮನೇ ಬಂದು ಬಾಗಿಲಲ್ಲಿ ನಿಂತಳು.

“ಮೇಡಮ್ಮಾರ, ನಾ ಏನ್ ನಿಮ್ಮ ಕರೆಂಟ್ ಕೇಳ್ಲಿಕ್ಕ ಬಂದಿಲ್ರಿ. ಹೋಗಿ, ಒಮ್ಮೆ ಇಬತ್ತಿ ಹಚ್ಚಿ, ಮಾತಾಡಿಸಿ ಬರ್ತೀನಿ. ಭಾಳ ದಿನ ಆತು, ದೂರದಿಂದ ಒದರಿ ಒದರಿ ಗಂಟಲ ಹೋಗ್ಯಾದ.”

“ಅವರ ವರ್ಷದ ದಿನ ಶ್ರಾವಣದಲ್ಲಲ್ವಾ ಬರೋದು?” ಎಂದಳು ಶೀಲಾ.

“ಅವರಿಗೇನ್ ಕ್ಯಾಲೆಂಡರ್ ಅದಾ? ನಾ ಹೋದ ದಿನಾನೇ ಹಬ್ಬ.”

ಶೀಲಾ ನಕ್ಕಳು, ಸೋತಳು. ಸೈರನ್ ಆದ ತಕ್ಷಣ ದಂಡೆ ಹತ್ತಬೇಕು, ಹಲಗೆ ಹಾಕಿದ ಕಡೆ ಮಾತ್ರ ಕಾಲಿಡಬೇಕು, ಹಗ್ಗ ಬಿಡಬಾರದು ಎಂದು ಷರತ್ತು ಹಾಕಿದಳು.

ನೀರಿಳಿದ ಬೆಳಗ್ಗೆ ನೀಲಮ್ಮ ಇಳಕಲ್ ಸೀರೆ ಉಟ್ಟು, ಬಿಲ್ವಪತ್ರೆ, ವಿಭೂತಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ತವರಿಗೆ ಹೊರಟ ಹುಡುಗಿಯ ಮುಖ. ನಾನೂ ಜೊತೆಗಿಳಿದೆ. ಶೀಲಾ ದಂಡೆಯಲ್ಲಿ ಹಗ್ಗ ಹಿಡಿದು ನಿಂತಳು.

ಕೆಳಗೆ ಹೊಲವಿರಲಿಲ್ಲ. ಬರೀ ಬೂದು ಕೆಸರು. ನೀಲಮ್ಮ ಗುರುತು ಹೇಳುತ್ತಿದ್ದ ಮೂಲೆಯ ಜಾಲಿಮರವಿಲ್ಲ, ಬದುವಿಲ್ಲ. ಕೆಸರಿನಲ್ಲಿ ಅಲ್ಲಲ್ಲಿ ಫರ್ಸಿಗಳು. ಬದುವಿಗೆ ನಿಲ್ಲಿಸಿದ್ದವು, ದನದ ಕೊಟ್ಟಿಗೆಯ ಗೋಡೆಗಿದ್ದವು, ನೆಲಕ್ಕಿದ್ದವು, ಎಲ್ಲವನ್ನೂ ಪ್ರವಾಹ ಕಿತ್ತು ಚೆಲ್ಲಿತ್ತು. ನೀಲಮ್ಮ ಮಂಡಿಯೂರಿ ಒಂದರ ಮೇಲಿನ ಕೆಸರು ಬಳಿದಳು. “ಇದಲ್ಲ.” ಇನ್ನೊಂದು. “ಇದ ಇರಬೇಕು. ಇಲ್ಲ, ಗೂಟದ ತೂತು ಅದ. ದನದ್ದು.” ಮತ್ತೊಂದು.

“ಹೆಸರು ಕೆತ್ತಿಸಿಲ್ವಾ ನೀಲಮ್ಮ?” ಎಂದೆ.

ಆಕೆ ಕೆಸರುಗೈಯನ್ನು ಹಾಗೇ ಹಿಡಿದು ಕೂತಳು. “ಕಲ್ಲು ಕೆತ್ತಾಂವ ಕೇಳಿದ್ನ್ರಿ, ಹೆಸರೇನಂತ. ಮನ್ಯಾಗ ನಾ ಒಬ್ಬಾಕೀನೇ ಇದ್ದೆ. ಗಂಡನ ಹೆಸರು ಬಾಯಿಲೆ ಹ್ಯಾಂಗ ಹೇಳ್ಲಿ? ಹಂಗೇ ಹಾಕಪಾ, ನಮ್ಮ ಹೊಲ, ನಮ್ಮ ಮನುಷ್ಯಾ, ಯಾರಿಗಿ ಗೊತ್ತಿಲ್ಲ ಅಂದೆ.”

ನಾನು ಗಂಡನನ್ನು ಮದುವೆಯಾದ ವಾರದಿಂದಲೇ ರಂಗಾ ಎಂದು ಕೂಗಿದವಳು.

ಗೇಟಿನ ಕಡೆಯಿಂದ ಸೈರನ್ ಕೂಗಿತು. ದಂಡೆಯಿಂದ ಶೀಲಾ, “ಮಮ್ಮಿ, ಸಾಕು, ಬನ್ನಿ!” ಎಂದಳು. ನೀಲಮ್ಮ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಆ ಬಯಲಿನತ್ತ ಗಟ್ಟಿಯಾಗಿ ಕೂಗಿದಳು: “ಶರಣಬಸಪ್ಪಾ!”

ಯಾರೋ ಕೂಲಿಯವನನ್ನು ಕರೆಯುತ್ತಿದ್ದಾಳೆಂದೇ ನಾನು ತಿಳಿದೆ. ಮತ್ತೆ ಕೂಗಿದಳು, ಈ ಸಲ ಧ್ವನಿ ಒಡೆದಿತ್ತು. “ಶರಣಬಸಪ್ಪಾ, ಒಮ್ಮೆ ಓ ಅನ್ನೋ!”

ಆಗ ತಿಳಿಯಿತು. ನಾನು ಅವಳ ತೋಳು ಹಿಡಿದು ದಂಡೆ ಹತ್ತಿಸಿದೆ. ವಿಭೂತಿ ಸೆರಗಿನಲ್ಲೇ ಉಳಿದಿತ್ತು. “ಯಾವದಕ್ಕ ಹಚ್ಲಿ ಅಕ್ಕೋರ? ದನದ ಫರ್ಸಿಗಿ ಹಚ್ಚಿದ್ರ ನಗ್ತಾರ ಅವರು,” ಎಂದಳು. ತಾನೂ ನಗಲು ನೋಡಿದಳು, ಆಗಲಿಲ್ಲ. ಸಂಜೆಯೊಳಗೆ ನಮ್ಮೆದುರಿಗೇ ನೀರು ಏರಿ, ಕಲ್ಲುಗಳನ್ನೆಲ್ಲ ಮುಚ್ಚಿತು.

ಅಂದಿನಿಂದ ನೀಲಮ್ಮ ಹೊಳೆಗೆ ಹೋಗುವುದಿಲ್ಲ. ಕೇಳಿದ್ದಕ್ಕೆ, “ಯಾ ಕಡಿ ಮಾರಿ ಮಾಡಿ ನಿಂದ್ರಲಿ?” ಎಂದಳಷ್ಟೆ. ನೀರು ತುಂಬಿದ್ದಾಗ ಆಕೆಗೆ ಒಂದು ಜಾಗವಿತ್ತು. ನೀರಿಳಿಸಿ ಅದನ್ನು ಕಳೆದೆವು. ಹಟಮಾಡಿ ಮಗಳನ್ನು ಒಪ್ಪಿಸಿದವಳು ನಾನು. ನೀಲಮ್ಮ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದೇ ಭಾರ.

ಈಗ ಬೆಳಗಿನ ಹೊತ್ತು ನಮ್ಮ ಅಡುಗೆಮನೆಗೆ ಬರುತ್ತಾಳೆ. ಕಟ್ಟೆಗೆ ಒರಗಿ ಚಹಾ ಕುಡಿಯುತ್ತಾಳೆ. ಮೊನ್ನೆ ವಿಮಲಳ ಫೋನ್ ಬಂದಾಗ ಇಲ್ಲೇ ಇದ್ದಳು. “ಸಾಕು ಕಣೇ, ವಾಪಸ್ ಬಂದ್ಬಿಡು. ಕೊನೆಗಾದ್ರೂ ನಮ್ಮ ಕಾವೇರಿ ಸಿಗ್ಬೇಕಲ್ವಾ?” ಎಂದು ವಿಮಲ ಸ್ಪೀಕರಿನಲ್ಲಿ ಅತ್ತದ್ದನ್ನು ಕೇಳಿಸಿಕೊಂಡಳು. ಕಾವೇರಿ ಎಂದಾಗ ನನಗೆ ಅಲ್ಲಿನ ಮೆಟ್ಟಿಲುಗಳ ತಂಪು ಪಾದಕ್ಕೆ ತಾಗಿದಂತಾಯಿತು. ಹೋಗಬೇಕೆನ್ನಿಸಿತು, ಆ ಕ್ಷಣವೇ.

ಫೋನ್ ಇಟ್ಟ ಮೇಲೆ ನೀಲಮ್ಮ ಲೋಟವನ್ನು ಕಟ್ಟೆಯ ಮೇಲಿಟ್ಟಳು.

“ನಮ್ಮ ಮ್ಯಾಲಿನ ಹೊಲಕ್ಕ ನೀರು ಬರಂಗಿಲ್ರಿ ಅಕ್ಕೋರ,” ಎಂದಳು. “ಬೇಕಾದಷ್ಟು ಜಾಗ ಅದ. ಹೋಗಬ್ಯಾಡ್ರಿ.”

ಬೂದಿಯಾಗಿ ಹರಿದುಹೋಗುವ ಜನ ನಾವು, ನಮಗೆ ಜಾಗ ಬೇಡ ಎಂದು ಹೇಳಬಹುದಿತ್ತು. ಅದರ ಬದಲು ಅವಳ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದೆ.

“ನಿಮ್ಮ ಖರೇ ಹೆಸರೇನ್ರಿ?” ಎಂದು ಕೇಳಿದಳು.

ಇಷ್ಟು ದಿನ ಅವಳಿಗೆ ನನ್ನ ಹೆಸರೇ ತಿಳಿದಿರಲಿಲ್ಲ. ಹೇಮಲತಾ ಎಂದೆ. ಅವಳು ಅದನ್ನು ತನ್ನ ಬಾಯಲ್ಲಿ ನಿಧಾನಕ್ಕೆ ಒಮ್ಮೆ ಹೇಳಿ ನೋಡಿದಳು. ಕಲ್ಲಿಗೊಂದು ಹೆಸರು ಕೊಟ್ಟು ಆ ಜಾಗವನ್ನು ಒಪ್ಪಿಕೊಂಡೆನೇನೋ ಎಂದು ನನಗೆ ದಿಗಿಲಾಯಿತು. ವಿಮಲಳಿಗೆ ತಿರುಗಿ ಫೋನ್ ಮಾಡುತ್ತೇನೆ ಎಂದಿದ್ದೆ. ಇನ್ನೂ ಮಾಡಿಲ್ಲ.